ಬುಟ್ಟಿಯಡಿ ಹೋದ ಮರಿಗಳು

ಗಿಡುಗ ಕೊಂಡೋದದ್ದಲ್ಲ ಮಾರಾಯ, ನಿನಗೆ ಯಾರು ಹಾಗೆ ಹೇಳಿದ್ದು? ಗಿಡುಗ ಕೊಂಡೋಗಿದ್ರೆ ನನಗೆ ಇಷ್ಟು ಬೇಸರ ಇಲ್ಲ, ಪಾಪ, ಅದಕ್ಕೂ ಹೊಟ್ಟೆ ಉಂಟಲ್ಲ. ನನ್ನ ಕೋಳಿಮರಿಗಳು ಹೋದದ್ದು ಮನೆಯವರ ಕಾಳಜಿಯಿಂದ. ನಾನು ಮದುವೆಯಾಗಿ ಕಕ್ಕಿಂಜೆಗೆ ಬಂದು ಆಗ ಒಂದು ವರ್ಷ, ಅಲ್ಲ, ಎರಡು ಆಗಿರ್ಬೇಕು, ಎಪ್ಪತ್ತನಾಲ್ಕೋ ಎಪ್ಪತ್ತೈದೋ. ರೇಷನ್ ಅಕ್ಕಿಯ ಕಲ್ಲು ಆರಿಸುದರಲ್ಲೇ ಅರ್ಧ ದಿನ ಹೋಗ್ತಿತ್ತು, ಆರಿಸಿ ಆದ ಮೇಲೆ ನೋಡಿದ್ರೆ ಅಕ್ಕಿಗಿಂತ ಕಲ್ಲಿನ ರಾಶಿಯೇ ದೊಡ್ಡದು. ಪೊಳಲಿಯ ತಾಯಿಮನೆಗೆ ಹೋಗ್ಬೇಕಾದ್ರೆ ಬಸ್ಸಿನ ದುಡ್ಡಿಗೆ ಮಾವನವರ ಎದುರು ನಿಲ್ಬೇಕು. "ಮೊನ್ನೆ ಹೋಗಿದ್ದೆಯಲ್ಲ" ಅಂತಿದ್ರು. ಆ ಮೊನ್ನೆ ಅಂದ್ರೆ ಹೋದ ದೀಪಾವಳಿ. ಅದಕ್ಕೇ ನನ್ನ ಅಮ್ಮ ಒಂದು ಹೇಂಟೆ ಕೋಳಿ ಕೊಟ್ಟು ಕಳಿಸಿದ್ರು, "ಇದನ್ನು ಹೆಚ್ಚು ಮಾಡಿ ಮೊಟ್ಟೆ ಮಾರು ಮಗಾ, ಯಾರನ್ನೂ ಕೇಳದೆ ಬಸ್ಸು ಹತ್ತು" ಅಂತ.

ಹೇಂಟೆಯನ್ನು ಕಾವಿಗೆ ಕೂರಿಸಿದೆ. ಕೂರಿಸಿದ್ದೇ ತಡ, ಮನೆಯವರು ಪಾಲು ಮಾಡ್ಲಿಕ್ಕೆ ಶುರು. ಮಾವ ಹೇಳಿದ್ರು, "ಒಳ್ಳೆ ಹುಂಜ ದೈವಕ್ಕೆ." ನನ್ನ ಮೈದುನ, ನಿಮ್ಮ ಚಿಕ್ಕಜ್ಜ, ಕೋಳಿ ಅಂಕದ ಮರ್ಲು ಅವನಿಗೆ, ಹುಂಜ ಕಾದಿಸುವ ಹುಚ್ಚು, ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಅತ್ತಿಗೆ, ಇದು ಸೋಲುವ ಜಾತಿ ಅಲ್ಲ" ಅಂತಿದ್ದ. ಒಳಗೆ ಇನ್ನೂ ಕೊಕ್ಕು ಕೂಡಾ ಬಂದಿಲ್ಲ, ಇವನಿಗೆ ಜಾತಿ ಗೊತ್ತಾಯ್ತು. ನಿಮ್ಮ ಅಜ್ಜ ಹೆಚ್ಚು ಮಾತಿನವರಲ್ಲ, ಗೊತ್ತುಂಟಲ್ಲ, "ಬೊಂಬಾಯಿಯಿಂದ ಭಾವ ಬರುವಾಗ ಕೋಳಿ ಸಾರು ಹಾಕಿ ಕೋರಿರೊಟ್ಟಿ ಮಾಡುವ" ಅಂತ ಅಷ್ಟೇ. ಎಲ್ಲ ಪಾಲಾದ ಮೇಲೆ ನನಗೆ ಉಳಿದದ್ದು ಎಂತ? ಗೂಡು ಗುಡಿಸುದು.

ಅಂತೂ ಮರಿಗಳಾದವು. ಹತ್ತಿಯ ಉಂಡೆಯ ಹಾಗೆ, ಕೈಯಲ್ಲಿ ಹಿಡಿದ್ರೆ ಎದೆ ಡಬಡಬ ಹೊಡ್ಕೊಳ್ಳುದು ಗೊತ್ತಾಗ್ತಿತ್ತು. ಅದೇ ವಾರ ಉಜಿರೆಯಲ್ಲಿ ಒಂದು ಮದುವೆ, ಎಲ್ಲರೂ ಹೊರಟೆವು. "ಗೂಡಲ್ಲೇ ಬಿಡುವ" ಅಂದೆ ನಾನು. ಮಾವ ಕೇಳ್ಬೇಕಲ್ಲ. "ಮರಿಗೆ ಬಿಸಿಲು ಬೇಕು. ನಿನಗೆ ಗೊತ್ತಿಲ್ಲ, ನೀನು ಮೊನ್ನೆ ಬಂದವಳು" ಅಂತ ಹೇಂಟೆ ಮರಿ ಎಲ್ಲ ಅಂಗಳಕ್ಕೆ ತಂದು ದೊಡ್ಡ ಬುಟ್ಟಿ ಕವುಚಿ ಹಾಕಿ, ಗಿಡುಗ ಎತ್ತಬಾರ್ದು ಅಂತ ಮೇಲೆ ಕಲ್ಲು ಇಟ್ರು. ಬುಟ್ಟಿ ಇಟ್ಟದ್ದು ಅಂಗಳದ ತಗ್ಗಿನಲ್ಲಿ. ನಾವು ಪಾಯಸ ಉಣ್ಣುವಾಗ ಗುಡುಗು ಬಂತು, ಹೊತ್ತಲ್ಲದ ಹೊತ್ತಿನ ಮಳೆ. "ಒಳ್ಳೇದಾಯ್ತು, ಭೂಮಿ ತಂಪಾಯ್ತು" ಅಂದ್ರು ಮಾವ, ಮತ್ತೂ ಒಂದು ಸೌಟು ಹಾಕಿಸ್ಕೊಂಡ್ರು. ಮನೆಗೆ ಬಂದು ಕಲ್ಲು ತೆಗೆದ್ರೆ, ಹೇಂಟೆ ರೆಕ್ಕೆ ಬಿಡಿಸಿಕೊಂಡು ನೀರಲ್ಲಿ ನಿಂತಿತ್ತು. ಮರಿಗಳೆಲ್ಲ ಅದರ ಕಾಲಡಿಯಲ್ಲಿ. ಒಂದೂ ಉಳಿದಿರ್ಲಿಲ್ಲ. ನಾನು ಸೆರಗಲ್ಲಿ ಒರೆಸಿ ಒರೆಸಿ ನೋಡಿದೆ, ಒಲೆ ಹತ್ರ ಇಟ್ಟು ನೋಡಿದೆ. ಇಲ್ಲ.

ಮತ್ತೆ ಜಗಲಿಯಲ್ಲಿ ದುಃಖ ಶುರುವಾಯ್ತು ನೋಡು. ಮಾವನಿಗೆ ದೈವದ ಹುಂಜದ ದುಃಖ, ಮೈದುನನಿಗೆ ಅಂಕದ ಹುಂಜದ ದುಃಖ, ನಿಮ್ಮ ಅಜ್ಜನಿಗೆ ಕೋರಿರೊಟ್ಟಿ ಬರೀ ರೊಟ್ಟಿ ಆಯ್ತಲ್ಲ ಅಂತ. ಮರಿ ಸತ್ತವಲ್ಲ ಅಂತ ಅತ್ತದ್ದು ನಾನು ಮತ್ತು ಹೇಂಟೆ. ಅದು ಕಾಳು ಹಾಕಿದ್ರೆ ತಿನ್ನುದಿಲ್ಲ, ಆ ತಗ್ಗಿನ ಸುತ್ತ ಕೊಕ್ ಕೊಕ್ ಅಂತ ಕರಿತಾ ತಿರುಗುದು. ಮಾರನೇ ದಿನ ಮಾವ ಕಾರಣ ಕಂಡುಹಿಡಿದ್ರು. "ಇದು ಮಳೆ ಅಲ್ಲ, ಕಣ್ಣು ತಾಗಿದ್ದು. ಆಚೆಮನೆ ಸೆಲಿನ್ ಬಾಯಮ್ಮ ಬೇಲಿ ಹತ್ರ ನಿಂತು ಮರಿ ನೋಡಿದ್ದು ನಾನೇ ಕಂಡಿದ್ದೇನೆ." ಹಾಗೆ ಹೇಳ್ತಾ ಇರುವಾಗಲೇ ಬಾಯಮ್ಮ ಸಣ್ಣ ಬುಟ್ಟಿ ಹಿಡ್ಕೊಂಡು ಅಂಗಳಕ್ಕೆ ಬಂದ್ರು. ಮಾವ ಎದ್ದು ನಿಂತು, "ಬನ್ನಿ ಬನ್ನಿ ಬಾಯಮ್ಮ, ಈಗ ನಿಮ್ಮ ಸುದ್ದಿಯೇ ಮಾತಾಡ್ತಿದ್ದೆವು" ಅಂದ್ರು, ಮುಖದಲ್ಲಿ ಒಂದು ಗೆರೆ ಆಚೀಚೆ ಆಗ್ಲಿಲ್ಲ.

ಬಾಯಮ್ಮ ನನ್ನ ಹತ್ರ ಬಂದು ಮೆಲ್ಲ ಹೇಳಿದ್ರು, "ನಮ್ಮ ಹೇಂಟೆಯನ್ನು ಮುಂಗುಸಿ ಹಿಡೀತು. ಈ ಮರಿಗಳಿಗೆ ತಾಯಿ ಇಲ್ಲ, ನಿನ್ನದಕ್ಕೆ ಮರಿ ಇಲ್ಲ. ಒಟ್ಟು ಮಾಡುವ ಅಲ್ವಾ? ದೊಡ್ಡದಾದ ಮೇಲೆ ಅರ್ಧರ್ಧ." ಸಂಜೆ ಹೇಂಟೆ ಗೂಡಿಗೆ ಹೋದ ಮೇಲೆ ಒಂದೊಂದೇ ಮರಿಯನ್ನು ಅದರ ರೆಕ್ಕೆಯಡಿಗೆ ಸೇರಿಸಿದೆವು. ಕುಕ್ಕಿ ಕೊಂದರೆ ಅಂತ ರಾತ್ರಿ ಎರಡು ಸಲ ಎದ್ದು ಹೋಗಿ ಗೂಡಿಗೆ ಕಿವಿ ಇಟ್ಟೆ. ಬೆಳಿಗ್ಗೆ ನೋಡಿದ್ರೆ ಹೇಂಟೆ ಮಣ್ಣು ಕೆದರಿ ಮರಿಗಳನ್ನು ಕರೀತಾ ಉಂಟು. ಬೇರೆಯವರ ಮರಿ ಅಂತ ಅದಕ್ಕೆ ಗೊತ್ತಾಗ್ಲಿಲ್ಲ ಅಂತಾರೆ. ಗೊತ್ತಾಗದೆ ಎಂತ? ಗೊತ್ತಾಗಿಯೇ ಸುಮ್ಮನಿದ್ದದ್ದು ಅಂತ ನನ್ನ ಲೆಕ್ಕ.

ಮೈದುನ ಮತ್ತೆ ಬಂದ, ಒಂದು ಮರಿ ಎತ್ತಿ ಕಾಲು ನೋಡಿದ. ಬೇಲಿಯಾಚೆಯಿಂದ ಬಾಯಮ್ಮ, "ಅದು ನನ್ನ ಪಾಲಿದ್ದು ಮಗಾ" ಅಂದ್ರು. ಇನ್ನೊಂದು ಎತ್ತಿದ. "ಅದೂ ನನ್ನದೇ." ಯಾವುದು ಎತ್ತಿದ್ರೂ ಅವರದ್ದೇ. ಮಾವ ಕೇಳಿದಾಗಲೂ ಹಾಗೆಯೇ. ಅವರೆಲ್ಲ ಬೇಸತ್ತು ಬಿಟ್ಟ ಮೇಲೆ, ಮರಿಗಳು ದೊಡ್ಡದಾಗಿ ಮೊಟ್ಟೆ ಇಡ್ಲಿಕ್ಕೆ ಶುರುವಾಯ್ತು, ನಾವಿಬ್ಬರೂ ಅರ್ಧರ್ಧ ಮಾಡಿ ಉಜಿರೆಯ ಹಾಸ್ಟೆಲಿಗೆ ಮಾರಿದೆವು. ಆ ವರ್ಷ ನಾನೇ ಟಿಕೆಟು ತೆಗೆದು ಪೊಳಲಿಗೆ ಹೋಗಿ ಬಂದೆ.

ಅದಕ್ಕೇ ಹೇಳುದು, ದುಃಖ ಇದ್ದ ಮನೆಗೆ ಹೋಗುವಾಗ ಬಾಯಿಗಿಂತ ಮೊದಲು ಕೈ ಹೋಗ್ಬೇಕು. ಸಾಕು, ಏಳಿ, ಕೈಕಾಲು ತೊಳ್ಕೊಳ್ಳಿ.