ಸೈದಾಬಿಯ ಮನೆಯ ನಡುಹಗಲ ರಾತ್ರಿ

ಸಂಜೆ ಹಿಡಿದ ಮಳೆ ಬಿಡಲಿಲ್ಲ. ಬಾಗೇವಾಡಿಯ ಬಸ್ಸು ತಪ್ಪಿದ ನಾಲ್ಕು ಮಂದಿ ರೈಲು ಗೇಟಿನ ಪಕ್ಕದ ಸೈದಾಬಿ ಆಯಿಯ ಮನೆ ಹೊಕ್ಕರು. ಒಳಕೋಣೆಯ ಬಾಗಿಲಿಗೆ ಕರಿ ಕಂಬಳಿ ಇಳಿಬಿಟ್ಟಿತ್ತು. ಒಬ್ಬ ಸರಿಸಲು ಹೋದ. ಆಯಿ ಅವನ ಕೈ ಹಿಡಿದು ಕೂರಿಸಿದಳು. ಆ ಕಂಬಳಿಯ ಮಾತು ಬಂದರೆ ಅವಳ ಬಾಗಿದ ಬೆನ್ನು ತಾನೇ ನೆಟ್ಟಗಾಗುತ್ತಿತ್ತು.

"ಮುಂಬೈ ಸರಕಾರ ಇದ್ದಾಗಿನ ಮಾತು... ಈ ಗೇಟ್ ರಾತ್ರಿ ಕಾಯೋ ನೌಕರಿ ನಮ್ಮ ಮನಿಯವ್ರದು, ಮಶಾಕಸಾಬರದು. ಹಗಲಿ ಮನ್ಯಾಗ ಇರ್ತಾರಂತ ಮಂದೆಲ್ಲ ಹಗಲೇ ಬರ್ತಿತ್ತು. ಎತ್ತು ನೋಡಾಕ ಕರದ್ರು, ನ್ಯಾಯ ಹೇಳಾಕ ಕರದ್ರು, ಬೀಗರು ಬಂದ್ರು... ಬಂದವ್ರನ್ನ ಬಿಟ್ಟು ಮಲಗಿದ್ರ ಮರ್ಯಾದಿ ಉಳೀತೈತೇನು? ಇವ್ರೂ ಅವರ ಜೋಡಿ ಕುಂತು ಚಾ ಕುಡಿಯೋದು. ಗೇಟ್ ಕಾಯೋವ್ರ ಕಾಯ ಯಾರು ಕಾಯಬೇಕ್ರಿ? ನಿದ್ದಿ ಇಲ್ದ ಇವ್ರಿಗೆ ರೊಟ್ಟಿ ಸೇರವಲ್ದು.

ಒಂದು ಮುಂಜಾನೆ ಪಾಳಿಯಿಂದ ಬಂದು ಹೊಸ್ತಿಲದಾಗ ಕುಂತ್ರು. ಹೇಳಿದ್ರು... ರಾತ್ರಿ ಕಣ್ಣು ಮುಚ್ಚಿತ್ತಂತ, ಗೇಟ್ ತೆರದ ಇತ್ತಂತ. ರೈಲು ಬರೋ ಹೊತ್ತಿಗೆ ಹತ್ತಿ ಬಂಡಿ ಹಳಿ ಹತ್ತೋದ್ರಾಗ ಯಾರೋ ಗೇಟ್ ಹಾಕಿ ಕಂದೀಲ ಹಿಡಿದು ನಿಂತಿದ್ದನಂತ. ಯಾರಂತೀರಿ? ಇವ್ರಿಗಿಂತ ಮೊದಲ ಇದೇ ಗೇಟಿನ್ಯಾಗ ನಿದ್ದಿಗೆಟ್ಟು ನಿದ್ದಿಗೆಟ್ಟು ಸತ್ತ ಧರೆಪ್ಪ...

ಅಂಜಿದ್ರು ಅಂತ ತಿಳೀಬ್ಯಾಡ್ರಿ. ಅವಮಾನಾತು. 'ಸತ್ತಾಂವ ಬಂದು ನನ್ನ ಪಾಳಿ ಮಾಡಿದ್ನಲ್ಲ ಸೈದಾ' ಅಂದ್ರು.

ಅವತ್ತೇ ಈ ಕಂಬಳಿ ಕಟ್ಟಿದೆ. ನಡುರಾತ್ರಿ ಮ್ಯಾಲ ಚಾ ಬಂದ್. ಬುತ್ತಿಗೆ ಎಣ್ಯಾಗ ಕರದಿದ್ದು ಬಂದ್, ಬರೇ ಮೆತ್ತನ ರೊಟ್ಟಿ, ಮಜ್ಜಿಗಿ. ಪಾಳಿ ಮುಗಿಸಿ ಬರೋವಾಗ ಕಣ್ಣಿಗೆ ಬಿಸಲು ಬೀಳಧಂಗ ತಲಿಗೆ ವಲ್ಲಿ ಹೊದ್ಕೊಂಡು ಸೀದಾ ಹಾಸಗಿಗೆ. ನಾ ಹೊಸ್ತಿಲದಾಗ ಕುಂತೆ. ಗೌಡ್ರು ಬಂದ್ರೂ ಅಷ್ಟ... 'ನಮ್ಮ ಮನ್ಯಾಗ ಈಗ ನಡುರಾತ್ರಿ ಐತ್ರಿ, ಸಂಜಿಗೆ ಬರ್ರಿ' ಅಂದೆ. ಊರು ನಕ್ಕಿತು. ನಗಲಿ... ರೊಟ್ಟಿ ಸೇರಾಕತ್ತು, ಮುಖಕ್ಕ ಕಳಿ ಬಂತು. ಮುಂದ ನೌಕರಿ ಮುಗಿಯೋತನಕ ಒಮ್ಮೆನೂ ತೂಕಡಿಸಲಿಲ್ಲ ನನ್ನ ಗಂಡ.

ಆದ್ರ ಇವ್ರು ಎಚ್ಚರ ಇರಾಕ ಹತ್ತಿದ ಮ್ಯಾಲ ಧರೆಪ್ಪನ ಕೆಲಸ ಹೋತಲ್ಲ? ಒಂದು ಮುಂಜಾನೆ ಇವ್ರ ಹಿಂದನ ಮನಿಗೆ ಬಂದ. ನನಗ ಕಾಣಲಿಲ್ಲ, ಕಂದೀಲದ ಎಣ್ಣಿ ವಾಸನಿ ಅಷ್ಟ ಬಂತು. 'ಅಂವಾನೂ ಮಲಗಿಲ್ಲ ಸೈದಾ' ಅಂದ್ರು ಇವ್ರು. ಇನ್ನೊಂದು ಕೌದಿ ಹಾಸಿದೆ."

ಕಂಬಳಿ ಸರಿಸಲು ಹೋಗಿದ್ದವನು, ಮಶಾಕಸಾಬರು ಈಗೆಲ್ಲಿ ಎಂದು ಮೆಲ್ಲಗೆ ಕೇಳಿದ.

"ಅವ್ರು ತೀರಿಕೊಂಡು ಭಾಳ ವರ್ಷಾತು... ಹಗಲಿ ಬಂದು ಕಿವಿ ಕೊಟ್ಟು ನೋಡ್ರಿ, ಒಳಗ ಎರಡು ಗೊರಕಿ ಕೇಳತಾವ. ಈಗ ಹೋಗಿ ಸರಿಸು, ಬೇಕಾರ. ಯಾರೂ ಇಲ್ಲ... ಇಬ್ಬರೂ ಪಾಳಿಗೆ ಹೋಗ್ಯಾರ."