ಹುಬ್ಬಳ್ಳಿಯಿಂದ ಪುಣೆಗೆ ಒಂದು ತಾಸು ಐದು ನಿಮಿಷ

ನನ್ನ ಹೆಸರು ಚೇತನಾ ಕೋಂ ಸುಖೇಶ್, ವಯಸ್ಸು 31 ವರ್ಷ, ಉದ್ಯೋಗ ಮಾರ್ಕೆಟ್ ಯಾರ್ಡ್‌ನ ಉಳ್ಳಾಗಡ್ಡಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಸ್ವಂತ ಊರು ಹುಬ್ಬಳ್ಳಿ, ಸದ್ಯ ವಾಸ ಪುಣೆಯ ಹಡಪಸರದಲ್ಲಿ ಸಕ್ಕುಬಾಯಿಯವರ ಮನೆಯ ಎರಡನೇ ಮಹಡಿ. ಮರಾಠಿ ಬರೆಯಲು ಬಾರದ ಕಾರಣ ಇಲ್ಲಿನ ಠಾಣೆಯ ಕನ್ನಡ ಬಲ್ಲ ಹವಾಲ್ದಾರ್ ಕಾಶಪ್ಪನವರ ಮುಂದೆ ಕನ್ನಡದಲ್ಲಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಎಂಟು ತಿಂಗಳ ಹಿಂದೆ ಐದು ವರ್ಷದ ಮಗಳು ಚಿನ್ನುವನ್ನು ಕರೆದುಕೊಂಡು ಗಂಡನ ಮನೆ ಬಿಟ್ಟು ಬಂದಿರುತ್ತೇನೆ. ಗಂಡ ಸುಖೇಶ್ ನನ್ನ ಎಡಗೈ ಮುರಿದಿದ್ದೇ ಇದಕ್ಕೆ ಕಾರಣ. ಹುಬ್ಬಳ್ಳಿಯಿಂದ ಪುಣೆಗೆ ರಸ್ತೆಯಲ್ಲಿ ಸುಮಾರು 430 ಕಿಲೋಮೀಟರ್, ಬಸ್ಸಿಗೆ ಒಂದು ರಾತ್ರಿ ಬೇಕು. ಆ ಒಂದು ರಾತ್ರಿಯನ್ನು ನೆಚ್ಚಿಕೊಂಡೇ ಈ ಊರಿಗೆ ಬಂದೆ. ಅವನ ಮೊಬೈಲ್ ರಿಪೇರಿ ಅಂಗಡಿಯ ಎದುರು ಹೊಲಿಗೆ ಕೆಲಸ ಮಾಡುವ ಗೆಳತಿ ಲೀಲಾಕ್ಷಿ, ಅವನು ಊರು ಬಿಟ್ಟರೆ ಕೂಡಲೇ ಫೋನ್ ಮಾಡುವುದಾಗಿ ಮಾತು ಕೊಟ್ಟಿದ್ದಳು.

ನಿನ್ನೆ ಮಧ್ಯಾಹ್ನ 3.40ಕ್ಕೆ ಲೀಲಾಕ್ಷಿ ಫೋನ್ ಮಾಡಿ, ಸುಖೇಶ್ ಅಂಗಡಿ ಮುಚ್ಚಿ ಬ್ಯಾಗ್ ಹಿಡಿದು ಆಟೋ ಹತ್ತಿದನೆಂದೂ, ಪಕ್ಕದ ಅಂಗಡಿಯವನಿಗೆ ಪುಣೆಗೆ ಹೊರಟೆ ಎಂದನಂತೆ ಎಂದೂ ತಿಳಿಸಿದಳು. ರಾತ್ರಿ ಬಸ್ಸಿಗೆ ಎಷ್ಟು ಬೇಗ ಬಂದರೂ ನಸುಕಿನಲ್ಲಿ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಳಿಯುತ್ತಾನೆ ಎಂದು ನಾನು ಲೆಕ್ಕ ಹಾಕಿದೆ. ಕೆಲಸ ಮುಗಿಸಿ ಮನೆಗೆ ಬಂದೆ. ಮಗಳಿಗೆ ಉಣಿಸಿ, ಜತೆಗೆ ಕೆಲಸ ಮಾಡುವ ಸಾಬವ್ವನ ಮನೆಗೆ ಹೋಗಿ ಮಲಗುವುದೆಂದು ಬಟ್ಟೆ ತುಂಬುತ್ತಿದ್ದೆ. ವಿಮಾನದ ವಿಚಾರ ತಲೆಗೇ ಬರಲಿಲ್ಲ. ನಮ್ಮ ಪೈಕಿ ಯಾರೂ ವಿಮಾನ ಹತ್ತಿದವರಲ್ಲ.

ರಾತ್ರಿ 7.50ಕ್ಕೆ ಬಾಗಿಲು ಬಡಿದರು. ಮನೆಯ ಒಡತಿ ಸಕ್ಕುಬಾಯಿ ಇರಬೇಕೆಂದು ಚಿಲಕಕ್ಕೆ ಕೈ ಹಾಕಿದೆ. ಹೊರಗಿನಿಂದ "ನಾನ ಇದ್ದೀನಿ, ಬಾಗ್ಲಾ ತಗಿ" ಎಂದು ಸುಖೇಶನ ದನಿ ಕೇಳಿಸಿತು. ಮಗಳು ಪಪ್ಪಾ ಎಂದು ಕೂಗಲು ಬಾಯಿ ತೆರೆದಳು. ನಾನು ಅವಳ ಬಾಯಿ ಒತ್ತಿ ಹಿಡಿದು ಲೈಟ್ ಆರಿಸಿದೆ.

ಅವನು ಕೂಗಾಡಲಿಲ್ಲ. ಬೀಗರ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡಿದ. "ವಿಮಾನದಾಗ ಬಂದೆ ನೋಡು. ಒಂದ ತಾಸು ಐದ ನಿಮಿಷ. ಕುಂತದ್ದು ಗೊತ್ತಾಗೂದ್ರಾಗ ಇಳೀರಿ ಅಂದ್ರು. ನೀ ಭಾಳ ದೂರ ಬಂದೀನಿ ಅನ್ಕೊಂಡಿದ್ದಿ ಏನು?" ಎಂದ. ಆಮೇಲೆ ಭುಜ ಕೊಟ್ಟು ಒಮ್ಮೆ ಬಾಗಿಲು ದಬ್ಬಿದ. ಚಿಲಕದ ಒಂದು ಸ್ಕ್ರೂ ಕಿತ್ತು ನನ್ನ ಕಾಲ ಬಳಿ ಬಿತ್ತು. ನಾನು ಇನ್ನೊಂದು ಕೈಯಿಂದ ಸಕ್ಕುಬಾಯಿಗೆ ಫೋನ್ ಹಚ್ಚಿ, ಅವನ ದನಿ ಕೇಳಲೆಂದು ಬಾಗಿಲಿನತ್ತ ಹಿಡಿದೆ. ನನ್ನ ಸಂಗತಿ ಬಲ್ಲವರಾದ್ದರಿಂದ ಅವರು ಮರಾಠಿಯಲ್ಲಿ ಯಾರು, ಯಾರು ಬೇಕು ಎಂದು ಕೂಗುತ್ತ ಮೆಟ್ಟಿಲು ಹತ್ತಿ ಬಂದರು. ಅಕ್ಕಪಕ್ಕದ ಬಾಗಿಲುಗಳೂ ತೆರೆದವು. ಸುಖೇಶ್ ಅವರಿಗೆ ಕೈ ಮುಗಿದು, ಇದು ಗಂಡ ಹೆಂಡತಿ ಮಾತು ಎಂದನು. ಬಾಗಿಲಿನತ್ತ ತಿರುಗಿ, "ದಾರಿ ಗೊತ್ತಾತಲ್ಲ, ಮತ್ತ ಬರ್ತೀನಿ" ಎಂದು ಇಳಿದು ಹೋದನು. ಸಕ್ಕುಬಾಯಿ ಫೋನ್ ಮಾಡಿದ್ದರಿಂದ ಪೊಲೀಸರು 8.25ಕ್ಕೆ ಬಂದರು. ನನ್ನ ವಿಳಾಸ ಅವನಿಗೆ ಯಾರು ಕೊಟ್ಟರೋ ತಿಳಿಯದು.

ಇಂದು ಬೆಳಿಗ್ಗೆ 11ಕ್ಕೆ ಲೀಲಾಕ್ಷಿ ಮತ್ತೆ ಫೋನ್ ಮಾಡಿದಳು. ಅವನು ಎಂದಿನಂತೆ ಅಂಗಡಿಯಲ್ಲಿ ಕೂತು ಗಿರಾಕಿಯ ಸಂಗಡ ನಗುತ್ತಿದ್ದಾನೆ ಎಂದಳು. ಅದನ್ನು ಕೇಳಿ ನಿನ್ನೆಗಿಂತ ಹೆಚ್ಚು ಹೆದರಿಕೆಯಾಯಿತು. ಅವನ ಮೇಲೆ ಕ್ರಮ ಕೈಗೊಂಡು ನಮ್ಮಿಬ್ಬರಿಗೂ ರಕ್ಷಣೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಮಗಳ ಎರಡೂ ಕೆನ್ನೆಯ ಮೇಲಿನ ಬೆರಳ ಗುರುತು ಯಾರದೆಂದು ಕಾಶಪ್ಪನವರು ವಿಚಾರಿಸಿದರು. ಅವು ನನ್ನವು. ಅವನು ಇಳಿದು ಹೋದ ಮೇಲೂ ನಾನು ಅವಳ ಬಾಯಿ ಮೇಲಿಂದ ಕೈ ತೆಗೆದಿರಲಿಲ್ಲ. ಸಕ್ಕುಬಾಯಿ ಬಂದು ಬಿಡಿಸಿದರು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜವಿರುತ್ತದೆ.

ಸ್ಥಳ: ಹಡಪಸರ, ಪುಣೆ
ದಿನಾಂಕ: 19-11-2025
ಸಹಿ: ಚೇತನಾ