ಹೆಬ್ಬಾತಿಗೆ ಹೆದರಿತೆಂದು ಕಟ್ಟಿಹಾಕಿದ ಕುದುರೆ

ಎಲ್ಲರೂ ಸಿಡುಕಜ್ಜ ಎಂದು ಕರೆಯುವ ನಾನು, ವಯಸ್ಸು 68 ವರ್ಷ, ಓದು ಮೂರನೇ ಕ್ಲಾಸು, ಕಸುಬು ದನ ಸಾಕಣೆ, ವಾಸ ಠಾಣೆಯಿಂದ ಎರಡು ಕಿಲೋಮೀಟರ್ ದೂರದ ಹೊಳೆ ರಸ್ತೆಯ ಕೊನೆಯ ಮನೆ, ಈ ದಿನ ಸಂಜೆ 5.10ಕ್ಕೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ತಮ್ಮ, ವಯಸ್ಸು 59, ಕಾಣೆಯಾಗಿದ್ದಾನೆ. ಬೆಳಗ್ಗೆ 7.30ಕ್ಕೆ ನಮ್ಮ ಕಂದು ಹೆಣ್ಣುಕುದುರೆ ಹತ್ತಿ, 26 ದನ ಹೊಡೆದುಕೊಂಡು ಹೊಳೆಯಾಚೆಯ ಹುಲ್ಲುಗಾವಲಿಗೆ ಹೋದ. ಈ ಹೊತ್ತಿಗೆ ದನ ಹೊಳೆ ದಾಟಿರಬೇಕಿತ್ತು ಎಂದು ಬೈದೆ. ಅಣ್ಣ, ನಿನ್ನ ಬೈಗುಳವೇ ನನಗೆ ಬೆಳಗಿನ ತಿಂಡಿ ಎಂದು ನಕ್ಕು ಹೋದ.

ಕುದುರೆಯ ವಿಷಯ ಹೇಳಲೇಬೇಕು. ಬರೆದುಕೊಳ್ಳುವವರು ಕಥೆ ಬೇಡ ಎಂದರು. ಕಥೆ ಅಲ್ಲ, ಬರೆಯಿರಿ ಎಂದೆ. ಹೋರಿ ಎಡಕ್ಕೆ ನುಗ್ಗುವ ಮೊದಲೇ ಇವಳು ಎಡಕ್ಕಿರುತ್ತಾಳೆ. ಹಿಂಗಾಲ ಮೇಲೆ ಗಿರ್ರನೆ ತಿರುಗಿ ಮೂತಿಗೆ ಮೂತಿ ಕೊಟ್ಟು ನಿಲ್ಲುತ್ತಾಳೆ. ಆದರೆ ನಮ್ಮ ಗೇಟಿನ ಹೆಬ್ಬಾತು ಕತ್ತು ಚಾಚಿದರೆ ಸಾಕು, ಬುಸುಗುಟ್ಟಿ ಹತ್ತು ಅಡಿ ಹಿಂದಕ್ಕೆ ಹಾರುತ್ತಾಳೆ. ಇವಳೂ ನಿನ್ನ ಹಾಗೇ, ಊರಿಗೆ ಹುಲಿ, ಅತ್ತಿಗೆಗೆ ಇಲಿ ಎಂದು ತಮ್ಮ ಆಡಿಕೊಳ್ಳುತ್ತಿದ್ದ.

ಅವನಿಗೊಂದು ಕೆಟ್ಟ ಚಾಳಿ. ಸೇತುವೆ ಪಕ್ಕದ ಟೀ ಅಂಗಡಿಯಲ್ಲಿ ಇಳಿದು, ಲಗಾಮನ್ನು ಕುದುರೆಯ ಕುತ್ತಿಗೆಗೆ ಕಟ್ಟಿ, ನಡಿ ಮನೆಗೆ ಎಂದು ತಟ್ಟುತ್ತಾನೆ. ಅವಳು ಒಬ್ಬಳೇ ದನ ತರುತ್ತಾಳೆ. ಇವನು ಹರಟೆ ಮುಗಿಸಿ ನಿಧಾನ ಬರುತ್ತಾನೆ.

ಈ ದಿನ ಮಧ್ಯಾಹ್ನ 1.40ಕ್ಕೆ ಕುದುರೆ ಒಬ್ಬಳೇ ಬಂದಳು. ದನ 26ಕ್ಕೆ 26 ಇತ್ತು. ಲಗಾಮು ನೆಲದ ಮೇಲೆ ಎಳೆಯುತ್ತಿತ್ತು. ಕಟ್ಟುವುದಕ್ಕೂ ಸೋಮಾರಿತನವೇ ಎಂದು ಶಪಿಸಿದೆ. ದನ ಒಳಗೆ ಹೋಯಿತು, ಕುದುರೆ ಬರಲಿಲ್ಲ. ಬುಸುಗುಟ್ಟಿ ಹಿಂದೆ ಸರಿದು, ರಸ್ತೆ ಕಡೆ ಹತ್ತು ಮಾರು ಓಡಿ, ತಿರುಗಿ ಬಂದು ನನ್ನ ಮುಖ ನೋಡಿದಳು. ಹೀಗೆ ಮೂರು ಸಲ. ಹೆಬ್ಬಾತು ಗೇಟಿನಲ್ಲೇ ಇತ್ತು. ನಾನು ನಕ್ಕೆ. ಆಮೇಲೆ ಸಿಟ್ಟು ಬಂದು ಬೆತ್ತದಿಂದ ಎರಡು ಏಟು ಹಾಕಿ, ಒಳಗೆಳೆದು ಗೂಟಕ್ಕೆ ಕಟ್ಟಿದೆ. ಜೀನು ಬಿಚ್ಚಲಿಲ್ಲ. ಹತ್ತಿದವನೇ ಬಂದು ಬಿಚ್ಚಲಿ ಎಂಬ ಹಟ. ಉಂಡೆ. ಮಲಗಿದೆ.

4.20ಕ್ಕೆ ತಮ್ಮನ ಹೆಂಡತಿ ಬಂದು ಎಬ್ಬಿಸಿದಳು. ಟೀ ಅಂಗಡಿ ಇವತ್ತು ತೆರೆದೇ ಇಲ್ಲವಂತೆ ಭಾವ, ಫೋನೂ ಎತ್ತುತ್ತಿಲ್ಲ, ಇವರೆಲ್ಲಿ ಎಂದು ಕೇಳಿದಳು. ಇಬ್ಬರೂ ಕೊಟ್ಟಿಗೆಗೆ ಹೋದೆವು. ಕುದುರೆಯ ಬಲಮಗ್ಗುಲು ಗೋಡೆಯ ಕಡೆಗಿತ್ತು, ಗೇಟಿನಲ್ಲೂ ಸಿಟ್ಟಿನ ಭರದಲ್ಲಿ ಆ ಕಡೆ ನಾನು ಗಮನಿಸಿರಲಿಲ್ಲ. ಜೀನಿನಿಂದ ಇಳಿಬಿಟ್ಟ, ಕಾಲಿಡುವ ಕಬ್ಬಿಣದ ಬಳೆಯಲ್ಲಿ ತಮ್ಮನ ಬಲಗಾಲಿನ ಬೂಟು ಸಿಕ್ಕಿಕೊಂಡಿತ್ತು. ಬೂಟಿನ ದಾರ ಬಿಚ್ಚಿರಲಿಲ್ಲ. ತಮ್ಮನ ಹೆಂಡತಿ ಅದನ್ನು ಬಿಡಿಸಿ ಎದೆಗೆ ಒತ್ತಿಕೊಂಡಳು. ಅಳಲಿಲ್ಲ. ಎಷ್ಟು ಹೊತ್ತಿನಿಂದ ಕಟ್ಟಿದ್ದೀರಿ ಭಾವ ಎಂದಷ್ಟೇ ಕೇಳಿದಳು. ಎರಡು ಗಂಟೆ ನಲವತ್ತು ನಿಮಿಷ. ಗೂಟದ ಹಗ್ಗ ಬಿಚ್ಚಿದೆ.

ಹುಲ್ಲುಗಾವಲು ಆರುನೂರು ಎಕರೆ, ಅರ್ಧ ಪೊದೆ, ಅರ್ಧ ಹಳ್ಳ. ಎಲ್ಲಿ ಬಿದ್ದಿದ್ದಾನೆ ಎಂಬುದು ಕುದುರೆಗೆ ಮಾತ್ರ ಗೊತ್ತು. ಸೊಂಟ ಮುರಿದ ನಾನು ಹತ್ತಲಾರೆ. ಅವಳು ಈಗ ಠಾಣೆಯ ಬಾಗಿಲಲ್ಲಿದ್ದಾಳೆ, ತಮ್ಮನ ಹೆಂಡತಿ ಹಿಡಿದುಕೊಂಡಿದ್ದಾಳೆ. ಸವಾರಿ ಬರುವ ಒಬ್ಬರನ್ನು ಕೊಡಿ, ಹಿಂದೆ ಒಂದು ಜೀಪು ಕಳಿಸಿ. ಲಗಾಮು ಎಳೆಯಬೇಡಿ, ಅವಳ ಪಾಡಿಗೆ ಬಿಡಿ. ಕತ್ತಲಾಗಲು ನಲವತ್ತು ನಿಮಿಷ ಇದೆ. ಇಪ್ಪತ್ತನಾಲ್ಕು ಗಂಟೆ ಕಾದು ನೋಡಿ ಎಂದು ಇಲ್ಲಿ ಹೇಳಿದರು. ಕಾಯುವ ಕೆಲಸ ನಾನು ಮಾಡಿ ಮುಗಿಸಿದ್ದೇನೆ ಸ್ವಾಮಿ.

ಬರೆದದ್ದನ್ನು ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಸುಳ್ಳಿಲ್ಲ, ಕುದುರೆಗೆ ಹೊಡೆದದ್ದೂ ಸೇರಿ ಎಲ್ಲ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಮಾರ್ಚ್ 14, ಸಂಜೆ 5.50
ಸಹಿ: (ಸಿಡುಕಜ್ಜ)